ನಾಲ್ಕನೇ ಒರತೆ

ಎಡ್ನಾಳ ಕುಂಚ ಮೂರನೇ ಒರತೆಯ ಬಳಿ ನಿಲ್ಲದೆ ಮುಂದಕ್ಕೆ ಹೋಯಿತು. ಟಿಲ್ಲಿ ಅದನ್ನು ಕಣ್ಣಾರೆ ಕಂಡಳು, ಕಂಡೂ ತುಟಿ ಪಿಟಕ್ಕೆನ್ನಲಿಲ್ಲ. ಇನ್ನೂ ಬೆಳಗಿನ ಹೊತ್ತು, ಚಿತ್ರದ ಶೆಡ್ಡಿನ ತಗಡು ಆಗಷ್ಟೇ ಕಾಯತೊಡಗಿತ್ತು. ನೆಲದ ಮೇಲೆ ಹರಡಿದ ಕ್ಯಾನ್ವಾಸಿನ ಆ ಬದಿಗೆ ಎಡ್ನಾ, ಈ ಬದಿಗೆ ತಾನು, ಮೂಲೆಯಲ್ಲಿ ಮೇವಿಸ್ ಮುದುಕಿ ಚುಕ್ಕಿ ತುಂಬುತ್ತ ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಕೆಂಪು ಬಣ್ಣ ಬಳಿದ ಬಟ್ಟೆಯ ಮೇಲೆ ಬಿಳಿ ಗೆರೆ ಒಂದು ಗೇಣು ಪಡುವಣಕ್ಕೆ ಸರಿಯಿತು, ಅಲ್ಲೊಂದು ಸುತ್ತು ಬಿತ್ತು, ಸುತ್ತಿನೊಳಗೆ ಇನ್ನೊಂದು ಸುತ್ತು. ನಾಲ್ಕನೇ ಒರತೆ. ಹೇಳಬೇಕು, ಈಗಲೇ ಹೇಳಬೇಕು, ಬಣ್ಣ ಹಸಿಯಿದೆ, ಮೇಲೆ ಕೆಂಪು ಬಳಿದರೆ ಮುಚ್ಚಿಹೋಗುತ್ತದೆ, ಎಂದು ಅವಳೊಳಗಿನ ಕಾವಲಿನವಳು ಎದ್ದು ಕೂತಳು. ಟಿಲ್ಲಿ ಅವಳನ್ನು ಸುಮ್ಮನಾಗಿಸಿದಳು. ಪಕ್ಕದಲ್ಲಿ ಮಲಗಿದ್ದ ನಾಯಿಯ ಕಿವಿ ಹಿಂಡಿ, "ಮಲಗೋ ಸಾರ್ಜೆಂಟ್, ನಿಂಗ್ಯಾಕೆ ಊರ ಉಸಾಬರಿ," ಅಂದಳು.

ಈರುಳ್ಳಿ ಹೆಂಗಸರ ಹಾದಿ ಅದು. ನೆಲಕ್ಕಿನ್ನೂ ಆಕಾರ ಬಾರದ ಕಾಲದಲ್ಲಿ ಮೂಡಣದಿಂದ ನಡೆದು ಬಂದವರು ಅವರು. ಮೂರು ಒರತೆಗಳ ಬಳಿ ಕೂತು ಕಾಡು ಈರುಳ್ಳಿ ಅಗೆದು ತಿಂದರು, ಮೂರನೆಯದರ ದಂಡೆಯಲ್ಲಿ ಮರದ ಬೋಗುಣಿ ಕವುಚಿಟ್ಟರು, ಹಾಡನ್ನು ಪಡುವಣದವರ ಕೈಗೊಪ್ಪಿಸಿ ನೆಲದೊಳಕ್ಕೆ ಇಳಿದುಹೋದರು. ಅಲ್ಲಿಂದಾಚೆಯ ನಾಲ್ಕನೇ ಒರತೆಯೂ ಅದರ ಹಾಡೂ ಪಡುವಣದವರದು. ಮೂರಕ್ಕೆ ನಿಲ್ಲಬೇಕು ಎನ್ನುವುದು ನಮ್ಮಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು. ಎಡ್ನಾ ನುಂಗರಾಯಿಗೆ ಆ ನೆಲ ಅಪ್ಪನ ಕಡೆಯಿಂದ ಬಂದದ್ದು, ಆದ್ದರಿಂದ ಅವಳು ಒಡತಿ. ಟಿಲ್ಲಿ ನಪುರುಲಾಗೆ ತಾಯಿಯ ಕಡೆಯಿಂದ ಬಂದದ್ದು, ಆದ್ದರಿಂದ ಅವಳು ಕಾವಲಿನವಳು. ಒಡತಿ ಬರೆಯಬೇಕು, ಕಾವಲಿನವಳು ಪಕ್ಕದಲ್ಲಿ ಕೂತು ನೋಡಬೇಕು, ತಪ್ಪಿದರೆ ತಿದ್ದಬೇಕು, ಕೊನೆಗೆ 'ಸರಿ' ಅನ್ನಬೇಕು. ಅವಳು ಸರಿ ಅನ್ನದ ಚಿತ್ರ ಎಷ್ಟೇ ಚೆಂದವಿರಲಿ, ಬರೀ ಬಣ್ಣ ಬಳಿದ ಬಟ್ಟೆ. ನಾಳೆ ಜಡ್ಜು ಬರುತ್ತಾನೆ. ಮೂರನೇ ಒರತೆಯ ಮರಳಿನ ಮೇಲೆ ಕೂತು, ಈ ನೆಲ ಯಾರದು ಅಂತ ಕೇಳುತ್ತಾನೆ. ಈ ಕ್ಯಾನ್ವಾಸನ್ನು ಅವನ ಮುಂದೆ ಹಾಸಬೇಕು. ಆ ನೆಲಕ್ಕೆ ಬೇಲಿ ಹಾಕಿ ದನ ಮೇಯಿಸುವ ದೊರೆ ಮನೆತನದ ವಕೀಲರು ಒಂದು ಬದಿ, ನಮ್ಮವರು ಒಂದು ಬದಿ, ಸಾಕ್ಷಿಗೆ ಪಡುವಣದ ಮುದುಕರು. ತಮ್ಮ ಒರತೆಯನ್ನು ಎಡ್ನಾ ಕದ್ದು ತನ್ನ ಹಾದಿಗೆ ಸೇರಿಸಿಕೊಂಡದ್ದು ಕಂಡರೆ ಆ ಮುದುಕರು ಒಂದು ಮಾತೂ ಆಡುವುದಿಲ್ಲ, ಪ್ಯಾಂಟಿನ ಧೂಳು ಕೊಡವಿಕೊಂಡು ಎದ್ದು ಗಾಡಿ ಹತ್ತುತ್ತಾರೆ. ಅಲ್ಲಿಗೆ ಎಲ್ಲ ಮುಗಿಯಿತು. ಟಿಲ್ಲಿ ಆ ಪ್ಯಾಂಟು ಕೊಡವುವುದನ್ನು ಮನಸ್ಸಿನಲ್ಲೇ ನೋಡಿದಳು, ಎಡ್ನಾಳ ಮುಖವನ್ನೂ ನೋಡಿದಳು, ಇನ್ನೊಂದು ಸಲ ಮೊದಲಿನಿಂದ ನೋಡಿದಳು.

"ಏನೇ ಟಿಲ್ಲಿ, ಬೆಳಗ್ಗಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ದೀಯ?" ಮೇವಿಸ್ ಮೂಲೆಯಿಂದ ಕೂಗಿದಳು. "ನೀನು ಬೈದೆ ಇದ್ರೆ ನಂಗೆ ಚುಕ್ಕಿ ಇಡಕ್ಕೆ ಕೈಯೇ ಓಡಲ್ಲ ಕಣೇ."

"ಬೈಯೋಕೆ ಏನೂ ಇಲ್ಲ."

"ಅಯ್ಯೋ ದೇವ್ರೆ, ಹಾಗಾದ್ರೆ ಹುಷಾರಿಲ್ಲ ಇವಳಿಗೆ. ಬ್ರಿಜೆಟ್! ನರ್ಸಮ್ಮನಿಗೆ ಫೋನ್ ಮಾಡು!"

ಶೆಡ್ಡು ನೋಡಿಕೊಳ್ಳುವ ಬಿಳಿ ಹುಡುಗಿ ಬ್ರಿಜೆಟ್ ಬಾಗಿಲಲ್ಲಿ ತಲೆ ಹಾಕಿ ನಕ್ಕು ಹೋದಳು. ಮೇವಿಸ್ ಉತ್ತರದ ಕಡೆಯವಳು, ಈ ಹಾದಿ ಅವಳದಲ್ಲ. ನಾಲ್ಕನೇ ಸುತ್ತು ಅವಳ ಕಣ್ಣಿಗೆ ಬಿದ್ದರೂ ತಪ್ಪು ಅನ್ನುವ ಹಕ್ಕು ಅವಳಿಗಿಲ್ಲ. ಹೇಳಬೇಕಾದವಳು ಇಡೀ ಭೂಮಿಯ ಮೇಲೆ ಟಿಲ್ಲಿ ಒಬ್ಬಳೇ. ಅವಳ ಅಕ್ಕಂದಿರು ಹೋದರು, ಅಣ್ಣ ಹೋದ. ಈ ಯೋಚನೆ ಅವಳಿಗೆ ಎಂಥದೋ ಬಿಸಿ ಕೊಟ್ಟಿತು, ಚಳಿಗಾಲದಲ್ಲಿ ನಾಯಿಗಳ ನಡುವೆ ಮಲಗಿದಾಗ ಆಗುವ ಹಾಗೆ.

ಐವತ್ತೊಂದು ವರ್ಷದಿಂದ ಟಿಲ್ಲಿ ಎಡ್ನಾಳ ಜೊತೆ ನೇರವಾಗಿ ಮಾತಾಡಿಲ್ಲ. ಹಾಗಂತ ದೂರ ಕೂರುವಂತಿಲ್ಲ, ಸೋದರಮಾವನ ಮಗಳು, ಹಾದಿಯ ಒಡತಿ, ಪ್ರತಿ ಚಿತ್ರಕ್ಕೂ ಪಕ್ಕದಲ್ಲಿ ಕೂರಲೇಬೇಕು. ಹೇಳಬೇಕಾದದ್ದನ್ನು ಮೇವಿಸ್‌ಗೆ ಹೇಳುತ್ತಾಳೆ, ಮೇವಿಸ್ ಇಲ್ಲದಿದ್ದರೆ ನಾಯಿಗೆ ಹೇಳುತ್ತಾಳೆ. "ಸಾರ್ಜೆಂಟ್, ಆ ಗೆರೆ ಹಾವು ಹರಿದ ಹಾಗಿದೆ ನೋಡು," ಅಂದರೆ ಎಡ್ನಾ ಗೆರೆ ತಿದ್ದುತ್ತಾಳೆ. ಈ ನಾಯಿ ಏಳನೇ ಸಾರ್ಜೆಂಟ್. ಮೊದಲನೆಯದಕ್ಕೆ ಆ ಹೆಸರಿಟ್ಟದ್ದು ಲಾರಿ ತಂದ ಪೊಲೀಸಿನವನ ನೆನಪಿಗೆ, ದಿನಕ್ಕೊಂದು ಸಲವಾದರೂ ಒದೆಯಬಹುದಲ್ಲ ಅಂತ. ಆದರೆ ಬಂದ ನಾಯಿಗಳೆಲ್ಲ ಒಳ್ಳೆಯವು, ಒದೆಯಲು ಕಾಲು ಏಳಲಿಲ್ಲ. ಪೊಲೀಸಿನವನು ಎಂದೋ ಸತ್ತ. ದೊರೆಯೂ ಸತ್ತ, ದೊರೆಸಾನಿಯೂ ಸತ್ತಳು, ಬಂಗಲೆಯ ಹಿಂದೆ ಸಿಮೆಂಟಿನ ಕೆಳಗೆ ಅಕ್ಕಪಕ್ಕ ಮಲಗಿದ್ದಾರೆ. ಸಿಮೆಂಟಿನ ಮೇಲೆ ಏನು ತೀರಿಸಿಕೊಳ್ಳಲು ಸಾಧ್ಯ? ಮುಪ್ಪಿನ ತನಕ ಕೈಗೆಟುಕುವ ಹಾಗೆ ಉಳಿದವಳು ಎಡ್ನಾ ಒಬ್ಬಳೇ. ಅವಳು ಕೆಮ್ಮಿದರೆ ಟಿಲ್ಲಿಗೆ ಭಯವಾಗುತ್ತಿತ್ತು, ಇವಳೂ ಸತ್ತುಬಿಟ್ಟರೆ ಅಂತ. ಹೋದ ವರ್ಷ ಪಟ್ಟಣದಲ್ಲಿ ಅವಳ ಕಣ್ಣಿನ ಪೊರೆ ತೆಗೆದಾಗ, ಸರಿಯಾಗಿ ಕಾಣಿಸುತ್ತಾ ಅವಳಿಗೆ, ಅಂತ ಮೇವಿಸ್ ಕೈಯಲ್ಲಿ ಕೇಳಿಸಿದ್ದು ಅದಕ್ಕೇ. ಈಗ ಆ ಪೊರೆಯೇ ಮತ್ತೆ ಬಂದಿರಬೇಕು. ಇಲ್ಲದಿದ್ದರೆ ನಾಲ್ಕನೆಯದು ಹೇಗೆ ಬಿತ್ತು. ಬೀಳಲಿ. ಟಿಲ್ಲಿ ಕಾಲು ಬದಲಿಸಿ ಕೂತಳು.

ಎಡ್ನಾಗೆ ಆಗ ಹನ್ನೆರಡು. ಬಂಗಲೆಯಲ್ಲಿ ಪಾತ್ರೆ ತೊಳೆಯುವ ಹುಡುಗಿ, ದೊರೆಸಾನಿ ಕೊಟ್ಟ ನೀಲಿ ಲಂಗ ಹಾಕಿಕೊಂಡು ನಮ್ಮ ಗುಡಿಸಲುಗಳ ನಡುವೆ ಕತ್ತು ನೆಟ್ಟಗೆ ಮಾಡಿ ಓಡಾಡುವವಳು. ಟಿಲ್ಲಿಗೆ ಇಪ್ಪತ್ತೊಂದು, ಅವಳ ಮಗುವಿಗೆ ನಾಲ್ಕು. ಮಗುವಿನ ಬಣ್ಣ ದೊರೆಯ ತಮ್ಮನ ಬಣ್ಣ, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳಬೇಕಾದ ಅಗತ್ಯವೂ ಇರಲಿಲ್ಲ. ಅಂಥ ಮಕ್ಕಳನ್ನು ಹುಡುಕಿ ಹೊತ್ತೊಯ್ಯಲು ಸರ್ಕಾರದ ಲಾರಿ ಬರುತ್ತದೆ ಅಂತ ಸುದ್ದಿಯಿತ್ತು, ಅದಕ್ಕೇ ಪ್ರತಿದಿನ ಬೆಳಗ್ಗೆ ಇದ್ದಿಲನ್ನು ಕೊಬ್ಬಿನಲ್ಲಿ ಕಲಸಿ ಮಗುವಿನ ಮೈಗೆಲ್ಲ ತಿಕ್ಕುತ್ತಿದ್ದಳು, ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ. ಮಗು ಕಚಗುಳಿಯಾಗಿ ನಗುತ್ತಿತ್ತು. ಅವತ್ತು ಹಿಟ್ಟು ಸಕ್ಕರೆ ಹಂಚುವ ದಿನ. ದೊರೆಸಾನಿ ಎಡ್ನಾಳ ಕೈಗೆ ಸೋಪು ಕೊಟ್ಟು, ಮಕ್ಕಳನ್ನೆಲ್ಲ ತಂದು ಚೆನ್ನಾಗಿ ತೊಳಿ, ಯಾರೋ ಫೋಟೋ ತೆಗೆಯೋಕೆ ಬರ್ತಾರೆ ಅಂದಳಂತೆ. ಎಡ್ನಾ ತೊಳೆದಳು. ಬಂಗಲೆಯ ಹಿಂದಿನ ತಗಡಿನ ತೊಟ್ಟಿಯಲ್ಲಿ ಕೂರಿಸಿ, ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ, ಹೇಳಿದ ಕೆಲಸ ಚೊಕ್ಕವಾಗಿ ಮಾಡುವ ಹುಡುಗಿ. ಟಿಲ್ಲಿ ಓಡಿ ಬಂದಾಗ ಮಗುವನ್ನು ಒಯ್ದ ಲಾರಿಯ ಧೂಳು ಮಾತ್ರ ಇತ್ತು, ಮೆಟ್ಟಿಲ ಮೇಲೆ ಎಡ್ನಾ ಕೂತು ಸಕ್ಕರೆ ಪಾಕದ ಡಬ್ಬಿಗೆ ಬೆರಳು ಹಾಕಿ ನೆಕ್ಕುತ್ತಿದ್ದಳು. ಏನಾಯಿತು ಅಂತ ಅವಳಿಗಿನ್ನೂ ತಿಳಿದಿರಲಿಲ್ಲ. ಟಿಲ್ಲಿಯ ಮುಖ ನೋಡಿ ತಿಳಿಯಿತು, ಬೆರಳು ಬಾಯಲ್ಲೇ ಉಳಿಯಿತು.

"ಈ ಮೂಲೆಗೆ ಹಳದಿ ಸಾಕಾ?" ಅಂತ ಮೇವಿಸ್ ಕೇಳಿದಳು. ಸಾಕು ಅಂತ ಟಿಲ್ಲಿ ಅಂದಳು. ಟಿಲ್ಲಿಯ ಅಜ್ಜಿಯ ಕಾಲದಲ್ಲಿ ಇದನ್ನೆಲ್ಲ ಮೈಮೇಲೆ ಬರೆಯುತ್ತಿದ್ದರು, ಇಲ್ಲವೇ ಮರಳ ಮೇಲೆ. ಹಾಡು ಮುಗಿದ ಮೇಲೆ ಕಾಲಲ್ಲಿ ಒರೆಸಿಬಿಡುತ್ತಿದ್ದರು, ತಪ್ಪೂ ಒಪ್ಪೂ ಒಟ್ಟಿಗೆ ಹೋಗುತ್ತಿದ್ದವು. ಆಮೇಲೆ ಕುದುರೆ ಮೇಲೆ ಬಂದವರು ಮೂರನೇ ಒರತೆಯಲ್ಲಿ ಬಂದೂಕು ಹಾರಿಸಿದರು, ಬದುಕಿದವರು ಚದುರಿಹೋದರು, ನೀರು ಕುಡಿಯಲು ದನ ಬಂದವು. ಈಗ ಬಿಳಿಯರೇ ಡಬ್ಬಿ ಡಬ್ಬಿ ಬಣ್ಣ ತಂದುಕೊಟ್ಟು ಬರೆಯಿರಿ ಅನ್ನುತ್ತಾರೆ, ನೆಲ ನಿಮ್ಮದು ಅನ್ನೋದಕ್ಕೆ ಗುರುತು ತೋರಿಸಿ ಅನ್ನುತ್ತಾರೆ. ಈ ಬಣ್ಣ ಒಣಗಿದರೆ ನೀರಿಗೂ ಹೋಗುವುದಿಲ್ಲ, ಗಾಳಿಗೂ ಹೋಗುವುದಿಲ್ಲ. ಟಿಲ್ಲಿ ನಾಲ್ಕನೇ ಸುತ್ತಿನ ಅಂಚನ್ನು ನೋಡಿದಳು. ಹೊರಗಿನ ಗೆರೆಯ ಹೊಳಪು ಆಗಲೇ ಕಡಿಮೆಯಾಗಿತ್ತು.

ತಾಯಿ ಅವಳನ್ನು ಒಂದೇ ಒಂದು ಸಲ ಮೂರನೇ ಒರತೆಗೆ ಕರೆದುಕೊಂಡು ಹೋಗಿದ್ದಳು. ದೊರೆಯ ಬೇಲಿ ನುಸುಳಿ ಎರಡು ದಿನ ನಡೆದು ಹೋದರೆ ಒರತೆಯ ಗುಂಡಿ ತುಂಬ ಸಗಣಿ. ತಾಯಿ ಒಂದು ಮಾತಾಡದೆ ಕೂತು ಎರಡೂ ಕೈಯಲ್ಲಿ ಸಗಣಿ ಎತ್ತಿ ಎತ್ತಿ ಹೊರಗೆ ಹಾಕಿದಳು, ಮೊಣಕೈ ತನಕ ಹಸಿರಾಗಿ, ಸಂಜೆಯ ಹೊತ್ತಿಗೆ ತಳದಲ್ಲಿ ಒಂದು ಬೊಗಸೆ ತಿಳಿನೀರು ಜಿನುಗಿತು. ಮೊದಲು ಟಿಲ್ಲಿಗೆ ಕುಡಿಸಿದಳು, ಆಮೇಲೆ ಬಾಯಿ ತುಂಬ ತುಂಬಿಕೊಂಡು ಅವಳ ತಲೆಯ ಮೇಲೆ ಉಗುಳಿದಳು, ಇವಳು ನನ್ನ ಮಗಳು, ಗುರುತು ಇಟ್ಟುಕೋ ಅಂತ ಒರತೆಗೆ ಹೇಳಿದಳು. ಹಿಂದೆ ಬರುವಾಗ ಮುಳ್ಳುಕೊಂಬೆ ಎಳೆದು ಗುಂಡಿ ಮುಚ್ಚಿದಳು. ಅವಳಿಗೆ ನಾಳೆ ಏನು ಹೇಳುತ್ತೀಯ? ಎಡ್ನಾಗೆ ಅವಮಾನ ಆಗಲಿ ಅಂತ ನಿನ್ನ ಒರತೆಯನ್ನ ದನಗಳಿಗೆ ಬಿಟ್ಟೆ ಅಂತಲಾ? ಮರುಗಳಿಗೆಯೇ ಇನ್ನೊಂದು ದನಿ ಎದ್ದಿತು, ಹೋಗಲಿ ಬಿಡು, ಯಾರಿಗೆ ಆ ನೆಲ, ನಿನ್ನ ಹಿಂದೆ ಯಾರಿದ್ದಾರೆ, ನಿನ್ನ ಮಗಳೇ ಇಲ್ಲದ ಮೇಲೆ ನೀರು ಕುಡಿಯುವವರು ಯಾರಾದರೇನು.

"ಅಜ್ಜಿ, ವಕೀಲಮ್ಮ ಮಧ್ಯಾಹ್ನ ಎರಡು ಗಂಟೆಗೆ ಬರ್ತಾರೆ," ಬ್ರಿಜೆಟ್ ಫೋನು ಹಿಡಿದು ಒಳಗೆ ಬಂದಳು. ನಮ್ಮ ಮಾತನ್ನು ಅವಳು ಕಲಿತಿದ್ದಾಳೆ, ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವರ ಹಾಗೆ ಆಡುತ್ತಾಳೆ. "ಅದಕ್ಕೆ ಮುಂಚೆ ಒಂದು ಫೋಟೋ ಕಳಿಸ್ಬೇಕಂತೆ. ಎಲ್ಲಾ ಸರಿ ಇದೆ ತಾನೆ? ನೀವು ಸರಿ ಅಂದ್ರೆ ನಾನು ತೆಗೀತೀನಿ."

ಎಡ್ನಾಳ ಕುಂಚ ನಿಂತಿತು. ಅವಳು ತಲೆ ಎತ್ತಲಿಲ್ಲ.

"ಒಣಗಲಿ," ಅಂದಳು ಟಿಲ್ಲಿ. "ಒಣಗದೆ ಹೆಂಗೆ ಸರಿ ಅನ್ನಲಿ."

ಎಷ್ಟು ಸಲೀಸಾಗಿ ಬಂತು ಆ ಮಾತು. ಬ್ರಿಜೆಟ್ ಹೋದ ಮೇಲೆ ಟಿಲ್ಲಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು, ಜೊತೆಗೆ ಖುಷಿಯೂ ಆಯಿತು. ಊರಿನವರ ಪಾಲಿಗೆ ಅವಳು ದೊಡ್ಡ ಮನಸ್ಸಿನವಳು. ಲಾರಿ ಹೋದ ನಾಲ್ಕನೇ ದಿನ ಹಿರಿಯರು ಒಣಹೊಳೆಯಲ್ಲಿ ಸೇರಿ ತೀರ್ಮಾನ ಮಾಡಿದ್ದರು. ನಮ್ಮಲ್ಲಿ ಅದಕ್ಕೊಂದು ದಾರಿಯಿದೆ. ತಪ್ಪು ಮಾಡಿದವರು ಬಂದು ತಲೆ ಬಗ್ಗಿಸಬೇಕು, ನೊಂದವರು ಅಗೆಯುವ ಕೋಲು ಎತ್ತಿ, ಇದು ಯಾವುದಕ್ಕೆ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ, ಒಂದು ಏಟು ಹಾಕಬೇಕು. ರಕ್ತ ಬಂದರೆ ಮುಗಿಯಿತು. ಆಮೇಲೆ ಆ ಮಾತನ್ನು ಮತ್ತೆ ಎತ್ತುವಂತಿಲ್ಲ, ಇಬ್ಬರೂ ಒಂದೇ ಲೋಟದಲ್ಲಿ ಚಹಾ ಕುಡಿಯಬೇಕು. ಎಡ್ನಾ ನೀಲಿ ಲಂಗ ಬಿಚ್ಚಿಟ್ಟು ಯಾರದೋ ಹಳೇ ಅಂಗಿ ಹಾಕಿಕೊಂಡು ಬಂದಳು, ಮರಳಲ್ಲಿ ಮೊಣಕಾಲೂರಿದಳು, ಸಣ್ಣ ಕುತ್ತಿಗೆ ಬಗ್ಗಿಸಿದಳು. ಅವಳ ಕಾಲಿನ ಕೆಳಗೆ ಮರಳು ಒದ್ದೆಯಾಯಿತು. ಟಿಲ್ಲಿ ಕೋಲು ಎತ್ತಿದಳು. ಒಂದು ಏಟು. ಒಂದೇ ಏಟಿಗೆ ಮುಗಿದುಹೋಗುತ್ತದಾ? ನನ್ನ ಮಗುವಿಗೆ ಒಂದು ಏಟು ಸಮವಾ? ಆಮೇಲೆ ನಾನು ಇವಳ ಜೊತೆ ಕೂತು ಚಹಾ ಕುಡಿಯಬೇಕಾ? ಅವಳು ಕೋಲು ಬಿಸಾಕಿ ಹೊರಟುಹೋದಳು. ಅಯ್ಯೋ, ಮಗು ಅಂತ ಬಿಟ್ಟಳು, ಎಂಥ ಕರುಳು ನೋಡಿ, ಅಂತ ಹೆಂಗಸರು ಕಣ್ಣೊರೆಸಿಕೊಂಡರು. ಕರುಳೂ ಇಲ್ಲ, ಕನಿಕರವೂ ಇಲ್ಲ. ತೀರಿಸಿಕೊಳ್ಳದೆ ಇಟ್ಟುಕೊಳ್ಳಬೇಕು ಅಂತ ಮಾತ್ರ ಅವಳಿಗೆ ಗೊತ್ತಿತ್ತು. ಎಡ್ನಾಗೂ ಅದು ಗೊತ್ತಾಗಲು ಬಹಳ ಕಾಲ ಬೇಕಾಗಲಿಲ್ಲ. ಮದುವೆಯಾದಳು, ಮಕ್ಕಳಾದವು, ಒಂದು ಮಗು ಸತ್ತಿತು, ಮೊದಲನೆಯ ಮೊಮ್ಮಗು ಕುಂಟಾಗಿ ಹುಟ್ಟಿತು, ಪ್ರತಿ ಸಲವೂ ಅವಳು ತಿರುಗಿ ಟಿಲ್ಲಿಯ ಮನೆಯ ಕಡೆ ನೋಡಿದಳು. ಬೀಳದೆ ಉಳಿದ ಏಟು ಎಲ್ಲಿಂದ ಹೇಗೆ ಬರುತ್ತದೋ ಯಾರು ಬಲ್ಲರು.

ಇದೆಲ್ಲದರ ಅಡಿಯಲ್ಲಿ ಇನ್ನೊಂದಿತ್ತು, ಅದನ್ನು ಟಿಲ್ಲಿ ಹಗಲಲ್ಲಿ ಮುಟ್ಟುತ್ತಿರಲಿಲ್ಲ, ಇವತ್ತು ಅದು ತಾನಾಗಿ ಮೇಲೆ ಬಂತು. ಅವತ್ತು ಅವಳು ಮೇಕೆ ದೊಡ್ಡಿಯ ಹಿಂದೆ ಇಸ್ಪೀಟು ಆಡುತ್ತಿದ್ದಳು. ಮಗುವನ್ನು ಎಡ್ನಾಳ ಕೈಗೆ ಕೊಟ್ಟು, ನೋಡ್ಕೊಳ್ಳೇ, ಈಗ ಬಂದೆ ಅಂದಿದ್ದಳು. ಮಸಿ ತೆಗೀಬೇಡ ಅಂತ ಹೇಳಿರಲಿಲ್ಲ, ಹೇಳಬೇಕಾದೀತು ಅಂತ ಹೊಳೆದೇ ಇರಲಿಲ್ಲ. ಲಾರಿಯ ಸದ್ದು ಅವಳಿಗೆ ಕೇಳಿಸಿತ್ತು. ಹಿಟ್ಟಿನ ಲಾರಿ ಅಂದುಕೊಂಡಳು. ಕೈಯಲ್ಲಿ ಒಳ್ಳೆಯ ಎಲೆಗಳಿದ್ದವು, ಇನ್ನೊಂದು ಆಟ ಅಂದಳು. ಮೂವತ್ತನಾಲ್ಕು ವರ್ಷದ ಮೇಲೆ ಮಗಳು ಬಂದಳು. ಅವಳ ಹೆಸರನ್ನು ಈಗ ಬಾಯಲ್ಲಿ ತರುವಂತಿಲ್ಲ, ಸತ್ತವರ ಹೆಸರು ಹೇಳಬಾರದು. ಮನಸ್ಸಿನಲ್ಲಿ ಹೇಳಿಕೊಂಡರೆ ತಡೆಯುವವರಿಲ್ಲ, ಆದರೂ ಟಿಲ್ಲಿ ಹೇಳಿಕೊಳ್ಳುವುದಿಲ್ಲ. ಅವಳು ಕಾರಿನಿಂದ ಇಳಿದು ಕೈಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದು ನಿಂತಳು. ಕೆಂಡದ ರೊಟ್ಟಿ ಕೊಟ್ಟರೆ ಮುರಿದು ಮಡಿಲಲ್ಲಿ ಇಟ್ಟುಕೊಂಡಳು, ತಿನ್ನಲಿಲ್ಲ. ನಮ್ಮ ಮಾತು ಅವಳಿಗೆ ಬರುತ್ತಿರಲಿಲ್ಲ, ಅವಳ ಇಂಗ್ಲಿಷು ಟಿಲ್ಲಿಗೆ ಅರ್ಥವಾಗುತ್ತಿರಲಿಲ್ಲ. ಬಂಗಲೆಯಲ್ಲಿ ಬೆಳೆದ ಎಡ್ನಾಗೆ ಮಾತ್ರ ಎರಡೂ ಬರುತ್ತಿತ್ತು. ಹೆತ್ತ ಮಗಳ ಜೊತೆ ಟಿಲ್ಲಿ ಆಡಿದ ಮಾತೆಲ್ಲ ಎಡ್ನಾಳ ಬಾಯಿಂದ ಹಾದು ಹೋಯಿತು. ಮಗಳು ಏನೋ ಕೇಳಿದಳು, ಎಡ್ನಾ ನೆಲ ನೋಡುತ್ತ ಹೇಳಿದಳು, ಅವತ್ತು ನೀವು ಎಲ್ಲಿದ್ರಿ ಅಂತ ಕೇಳ್ತಿದ್ದಾಳೆ ಅಂತ. ಈರುಳ್ಳಿ ಅಗೆಯೋಕೆ ಹೋಗಿದ್ದೆ ಅಂತ ಹೇಳು, ಅಂತ ಟಿಲ್ಲಿ ಗಾಳಿಗೆ ಹೇಳಿದಳು. ಎಡ್ನಾ ಒಮ್ಮೆ ತಲೆ ಎತ್ತಿ ಟಿಲ್ಲಿಯನ್ನು ನೋಡಿದಳು. ಇಸ್ಪೀಟು ಅವಳಿಗೆ ಗೊತ್ತು. ಆಮೇಲೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಒಂದು ಈರುಳ್ಳಿಗೆ ಬೇಕಾದದ್ದಕ್ಕಿಂತ ಉದ್ದವಾಗಿ ಹೇಳಿದಳು. ಮಗಳು ತಲೆಯಾಡಿಸಿದಳು, ಕಾರು ಹತ್ತಿ ಹೋದಳು, ಮತ್ತೆ ಬರಲಿಲ್ಲ. ಮೂರು ವರ್ಷದ ಹಿಂದೆ ತೆಂಕಣದ ಯಾವುದೋ ನಗರದಿಂದ ಆಫೀಸಿಗೆ ಫೋನು ಬಂತು. ಟಿಲ್ಲಿ ಕೂದಲು ಕತ್ತರಿಸಿಕೊಂಡು, ಮೈಗೆ ಬಿಳಿಮಣ್ಣು ಬಳಿದುಕೊಂಡು, ಹೆಣವಿಲ್ಲದೆ ಅತ್ತಳು. ಅಷ್ಟುದ್ದ ಏನು ಹೇಳಿದಳು ಇವಳು? ನಿಮ್ಮಮ್ಮ ಇಸ್ಪೀಟು ಆಡ್ತಿದ್ದಳು, ಲಾರಿ ಸದ್ದು ಕೇಳಿಯೂ ಏಳಲಿಲ್ಲ ಅಂತಲಾ? ಅದಕ್ಕೇ ಅವಳು ಮತ್ತೆ ಬರಲಿಲ್ಲವಾ?

ಇಲ್ಲ, ಹೇಳುವುದಿಲ್ಲ. ನಾಳೆ ಜಡ್ಜಿನ ಮುಂದೆ, ಪಡುವಣದವರ ಮುಂದೆ, ಅವಳ ಮಕ್ಕಳು ಮೊಮ್ಮಕ್ಕಳ ಮುಂದೆ ಇವಳು ಕಳ್ಳಿಯಾಗಲಿ. ಒರತೆ ಹೋದರೆ ಹೋಗಲಿ. ಅಮ್ಮ, ಹೋದರೆ ಹೋಗಲಿ.

ಮೇವಿಸ್ ಸೊಂಟ ಹಿಡಿದು ಎದ್ದು, "ನಾನು ಚಹಾಕ್ಕೆ ನೀರಿಡ್ತೀನಿ, ಈ ಇಬ್ಬರು ಮೂಗಿಯರ ಮಧ್ಯ ಕೂತು ನಂಗೂ ಮಾತು ಮರ್ತುಹೋಗ್ತದೆ," ಅನ್ನುತ್ತ ಬಾಗಿಲಾಚೆಯ ಒಲೆಯ ಕಡೆ ಹೋದಳು. ಎಡ್ನಾ ಕುಂಚವನ್ನು ನೀರಿನ ಡಬ್ಬಿಗೆ ಹಾಕಿದಳು. ತಲೆಯ ಮೇಲಿನ ಉಣ್ಣೆ ಟೋಪಿ ತೆಗೆದು ಪಕ್ಕಕ್ಕಿಟ್ಟಳು. ಅವಳ ಕೂದಲು ಪೂರಾ ಬೆಳ್ಳಗಾಗಿತ್ತು, ನೆತ್ತಿಯಲ್ಲಿ ತೆಳುವಾಗಿ ಚರ್ಮ ಕಾಣುತ್ತಿತ್ತು. ಹಿಂದೆ ಗೋಡೆಗೆ ಒರಗಿಸಿದ್ದ ತನ್ನ ಅಗೆಯುವ ಕೋಲನ್ನು ಎಳೆದು, ಕ್ಯಾನ್ವಾಸಿನ ಅಂಚಿನಲ್ಲಿ ಟಿಲ್ಲಿಯ ಬಲಗೈಗೆ ಸಿಗುವ ಹಾಗೆ ಇಟ್ಟಳು.

"ಬಣ್ಣ ಒಣಗ್ತಾ ಇದೆ ಅತ್ತಿಗೆ," ಅಂದಳು.

ಟಿಲ್ಲಿ ನಾಯಿಯ ಕಡೆ ತಿರುಗಿ, "ಸಾರ್ಜೆಂಟ್, ಯಾರೋ ಏನೋ ಅಂದ ಹಾಗಾಯ್ತು," ಅಂದಳು.

"ನಾಯಿಗೆ ಹೇಳ್ಬೇಡಿ. ನೇರವಾಗಿ ನಂಗೇ ಹೇಳಿ. ನನ್ನ ಕಣ್ಣಿಗೆ ಏನೂ ಆಗಿಲ್ಲ, ಚೆನ್ನಾಗಿ ಕಾಣ್ತದೆ. ಮೂರಕ್ಕೆ ನಿಲ್ಬೇಕು ಅಂತ ನಂಗೆ ಗೊತ್ತಿಲ್ವಾ?"

ಹಾಗಾದರೆ ಬೇಕೆಂದೇ. ಟಿಲ್ಲಿ ಕೋಲನ್ನೂ ಟೋಪಿಯಿಲ್ಲದ ನೆತ್ತಿಯನ್ನೂ ನೋಡಿದಳು. ಒಡತಿ ತನ್ನದಲ್ಲದ ನೆಲ ಬರೆದರೆ ಕಾವಲಿನವಳು ಅಲ್ಲೇ, ಆಗಲೇ, ತಲೆಗೆ ಹೊಡೆದು ತಿದ್ದಬೇಕು, ಅದು ಕಟ್ಟಲೆ. ಇವಳು ತಪ್ಪು ಬರೆದದ್ದು ಏಟಿಗಾಗಿ. ಹೊಡೆಯದೆ ಹೋದರೆ ಅಮ್ಮನ ಒರತೆ ಹೋಗುತ್ತದೆ ಅಂತ ಲೆಕ್ಕ ಹಾಕಿಯೇ ಬರೆದಿದ್ದಾಳೆ.

"ನಂಗೆ ಕಿಡ್ನಿ ಹೋಗಿದೆ ಅತ್ತಿಗೆ," ಎಡ್ನಾ ಮೆಲ್ಲಗೆ ಹೇಳುತ್ತಿದ್ದಳು. "ಸೋಮವಾರ ಪಟ್ಟಣಕ್ಕೆ ಕರ್ಕೊಂಡು ಹೋಗ್ತಾರೆ. ಅಲ್ಲೇ ಇರ್ಬೇಕಂತೆ, ವಾರಕ್ಕೆ ಮೂರು ದಿನ ಯಂತ್ರಕ್ಕೆ ಹಾಕ್ತಾರಂತೆ. ಹೋದವರು ಯಾರೂ ವಾಪಸ್ ಬಂದಿಲ್ಲ. ಇದನ್ನ ಹೊತ್ಕೊಂಡು ಹೋಗಕ್ಕೆ ಆಗಲ್ಲ ನಂಗೆ. ಐವತ್ತೊಂದು ವರ್ಷ ಆಯ್ತು. ಹೊಡೆದುಬಿಡಿ."

ಟಿಲ್ಲಿ ನಾಯಿಯ ಕಿವಿ ಹಿಡಿದುಕೊಂಡಳು.

"ಅವಳು ಬಂದಾಗ ಕೇಳಿದ್ಳಲ್ಲ, ಎಲ್ಲಿದ್ರಿ ಅಂತ. ಈರುಳ್ಳಿ ಅಂತಲೇ ಹೇಳಿದ್ದು ನಾನು. ನಿಮ್ಮಮ್ಮ ನಿಂಗೆ ಅಂತ ಈರುಳ್ಳಿ ಅಗೆಯಕ್ಕೆ ಹೋಗಿದ್ಳು, ನಿಂಗೆ ಸುಟ್ಟ ಈರುಳ್ಳಿ ಅಂದ್ರೆ ಪ್ರಾಣ, ತೊಳೆದಿದ್ದು ನಾನು, ತಪ್ಪು ನಂದೇ ಅಂತ ಹೇಳ್ದೆ. ಇಸ್ಪೀಟು ಅನ್ನಲಿಲ್ಲ. ಯಾರ ಹತ್ರನೂ ಅಂದಿಲ್ಲ."

ಇದನ್ನು ಕೇಳಲೇಬಾರದಿತ್ತು ಅನ್ನಿಸಿತು ಟಿಲ್ಲಿಗೆ. ಬೈದಿದ್ದರೆ, ಸುಳ್ಳು ಹೇಳಿದ್ದರೆ, ಚಾಡಿ ಹೇಳಿದ್ದರೆ ಚೆನ್ನಾಗಿತ್ತು. ಇಷ್ಟು ವರ್ಷ ತನ್ನ ಮಾನ ಇವಳ ಸೆರಗಿನ ಗಂಟಿನಲ್ಲಿತ್ತು, ತಾನು ನಾಯಿಯ ಕಿವಿ ಹಿಂಡುತ್ತ ದೊಡ್ಡಸ್ತಿಕೆ ನಡೆಸುತ್ತಿದ್ದಾಗಲೆಲ್ಲ ಇವಳಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಗೆರೆ ತಿದ್ದುತ್ತ ಕೂತಿದ್ದಳು. ಮಗಳು ಕೊನೆಯ ತನಕ ನಂಬಿದ್ದ ತಾಯಿ ಎಡ್ನಾ ಕಟ್ಟಿಕೊಟ್ಟ ತಾಯಿ. ನಾಚಿಕೆಯಿಂದ ಟಿಲ್ಲಿಯ ಕಿವಿ ಬಿಸಿಯಾಯಿತು, ನಾಚಿಕೆ ಅಲ್ಲೇ ನಿಲ್ಲಲಾರದೆ ಸಿಟ್ಟಾಯಿತು. ಅವಳು ಕೋಲು ಹಿಡಿದು ಎದ್ದು ನಿಂತಳು. ಮೊಣಕಾಲು ಲಟಕ್ಕೆಂದಿತು.

"ತಪ್ಪು!" ಅಂತ ಕೂಗಿದಳು. ಶೆಡ್ಡಿನ ತಗಡು ಮೊಳಗುವ ಹಾಗೆ ಕೂಗಿದಳು. "ನಾಲ್ಕನೇದು ಬರ್ದಿದ್ದಾಳೆ! ಒಡತಿ ತಪ್ಪು ಬರ್ದಿದ್ದಾಳೆ!"

ಮೇವಿಸ್ ಚಹಾದ ಡಬ್ಬಿ ಬಿಟ್ಟು ಓಡಿ ಬಂದಳು, ಬ್ರಿಜೆಟ್ ಓಡಿ ಬಂದಳು. "ಅಜ್ಜಿ, ಬೇಡ, ಏನಿದು, ಅವರಿಗೆ ಹುಷಾರಿಲ್ಲ!" ಅಂತ ಬ್ರಿಜೆಟ್ ಕೈ ಚಾಚಿದಳು. ಮೇವಿಸ್ ಅವಳ ರಟ್ಟೆ ಹಿಡಿದು ಎಳೆದಳು. "ನೀನು ಸುಮ್ನಿರು ಮಗಳೇ. ಇದು ಫೋನಿನ ಕೆಲಸ ಅಲ್ಲ."

ಎಡ್ನಾ ಎರಡೂ ಕೈ ನೆಲಕ್ಕೂರಿ ತಲೆ ಬಗ್ಗಿಸಿದ್ದಳು. ಆ ಕುತ್ತಿಗೆ ದಪ್ಪವಾಗಿತ್ತು, ಸುಕ್ಕಾಗಿತ್ತು, ಆದರೂ ಬಗ್ಗಿದ ರೀತಿ ಅದೇ. ಅವಳು ಕಾಯುತ್ತಿದ್ದಳು, ಟಿಲ್ಲಿಯ ಬಾಯಿಂದ ಬರಬೇಕಾದ ಮಾತಿಗೆ. ಯಾವುದಕ್ಕೆ ಅಂತ ಹೇಳಿ ಹೊಡೆಯುತ್ತಾರೋ ಅದೇ ತೀರುತ್ತದೆ, ಬೇರೆಯದು ತೀರುವುದಿಲ್ಲ.

"ಇದು ಚಿತ್ರಕ್ಕೆ," ಅಂದಳು ಟಿಲ್ಲಿ.

ಕೋಲು ಬಿತ್ತು. ಮೂಳೆ ಒಡೆಯುವಷ್ಟಲ್ಲ, ಚರ್ಮ ಬಿರಿಯುವಷ್ಟು. ಬಿಳಿ ಕೂದಲಿನ ನಡುವೆ ಕೆಂಪು ಎದ್ದು, ಹಣೆಯ ಮೇಲಿಂದ ಇಳಿದು ಮೂಗಿನ ತುದಿಗೆ ಬಂತು. ಬ್ರಿಜೆಟ್ ಅಳುತ್ತಿದ್ದಳು. ಎಡ್ನಾ ಅಲುಗಲಿಲ್ಲ.

"ಮುಚ್ಚು ಅದನ್ನ," ಅಂತ ಟಿಲ್ಲಿ ಕೋಲಿನ ತುದಿಯಿಂದ ನಾಲ್ಕನೇ ಸುತ್ತನ್ನು ತೋರಿಸಿದಳು. ನಾಯಿಗೆ ಹೇಳಲಿಲ್ಲ, ಮೇವಿಸ್‌ಗೆ ಹೇಳಲಿಲ್ಲ. ಎಡ್ನಾ ಕೆಂಪು ಬಣ್ಣದ ಡಬ್ಬಿ ಎಳೆದುಕೊಂಡಳು. ಒಂದು ಕೈಯಿಂದ ರಕ್ತ ಬಟ್ಟೆಯ ಮೇಲೆ ತೊಟ್ಟಿಕ್ಕದ ಹಾಗೆ ಹಣೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಬಳಿದಳು. ಒಳಗಿನ ಸುತ್ತು ಹೋಯಿತು, ಹೊರಗಿನ ಸುತ್ತು ಹೋಯಿತು, ಗೆರೆ ಹಿಂದಕ್ಕೆ ಸರಿದು ಸರಿದು ಮೂರನೇ ಒರತೆಯ ಅಂಚಿಗೆ ಬಂದು ನಿಂತಿತು. ಟಿಲ್ಲಿ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ಪರೀಕ್ಷೆ ಮಾಡಿದಳು. ಕೆಂಪಿನ ಕೆಳಗೆ ಏನೂ ಕಾಣಲಿಲ್ಲ.

"ಸರಿ," ಅಂದಳು. ಬ್ರಿಜೆಟ್ ಮೂಗು ಒರೆಸಿಕೊಂಡು, ಫೋಟೋ ತೆಗೆದುಕೊಂಡು ಹೊರಗೆ ಹೋದಳು. ನಾಳೆ ಜಡ್ಜು ಬರಬಹುದು, ಪಡುವಣದವರು ಬಂದು ಕೂತಿರಬಹುದು, ಅಮ್ಮನ ಒರತೆ ಅಮ್ಮನ ಒರತೆಯಾಗಿ ಉಳಿಯುವುದಾದರೆ ಉಳಿಯಬಹುದು. ಟಿಲ್ಲಿ ಕೋಲನ್ನು ಗೋಡೆಗೆ ಒರಗಿಸಿ ತಿರುಗಿದಳು. ಎಡ್ನಾ ಮತ್ತೆ ತಲೆ ಬಗ್ಗಿಸಿಕೊಂಡು ಕೂತಿದ್ದಳು.

"ಅತ್ತಿಗೆ," ಅಂದಳು. "ಇನ್ನೊಂದು?"

ಟಿಲ್ಲಿ ಆ ನೆತ್ತಿಯನ್ನು ತುಂಬ ಹೊತ್ತು ನೋಡಿದಳು. ಹೊಡೆದರೆ ಮುಗಿಯುತ್ತದೆ. ಮುಗಿದರೆ ನಾಳೆ ಬೆಳಗ್ಗೆ ಎದ್ದು ಏನು ನೆನೆಸಿಕೊಳ್ಳಲಿ, ಯಾರನ್ನು ನೆನೆಸಿಕೊಳ್ಳಲಿ? ಹೆಣ ಸಿಗಲಿಲ್ಲ, ಹೆಸರು ಹೇಳುವಂತಿಲ್ಲ, ಹೇಳಿದ ಸುಳ್ಳು ಕೂಡ ತನ್ನದಾಗಿ ಉಳಿಯಲಿಲ್ಲ. ಅವಳು ಬಗ್ಗಿ ನೆಲದ ಮೇಲಿದ್ದ ಟೋಪಿ ಎತ್ತಿಕೊಂಡಳು, ರಕ್ತದ ಮೇಲೆಯೇ ಎಡ್ನಾಳ ತಲೆಗೆ ಹಾಕಿ, ಎರಡೂ ಕೈಯಿಂದ ಕಿವಿ ಮುಚ್ಚುವ ತನಕ ಕೆಳಗೆ ಎಳೆದಳು.

"ನನ್ನ ಮಗು ಕಡೆಯಿಂದ ನಂಗೆ ಉಳಿದಿರೋದು ಆ ಏಟೊಂದೇ ಕಣೇ," ಅಂದಳು. "ಅದನ್ನ ನಿಂಗೆ ಕೊಡಲ್ಲ."